ಓದಿದವರು, ಒತ್ತಿದವರು

"ದಿ... ಫಾಲೋ... ಯಿಂಗ್... ಪ್ಯಾಕೇ... ಜಸ್..." ಎಂದು ಅವರು ಪರದೆಯ ಮೇಲೆ ತೋರುಬೆರಳಿಟ್ಟು ಶುರುಮಾಡಿದರೆಂದರೆ, ಗುಬ್ಬಿಯ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಇನ್ನು ಹತ್ತು ನಿಮಿಷ ಯಾರಿಗೂ ಮುಕ್ತಿಯಿಲ್ಲ. ಅಲ್ಲಿಯ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕಲು ಅಥವಾ ತೆಗೆಯಲು ಹೊರಟರೆ ಅದು ಮೊದಲು ಒಂದು ಪಟ್ಟಿ ತೋರಿಸುತ್ತದೆ. ಇಷ್ಟು ಹೊಸದಾಗಿ ಬರುತ್ತದೆ, ಇಷ್ಟು ಬದಲಾಗುತ್ತದೆ, ಇಷ್ಟು ಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿ, 'ವೈ' ಎಂಬ ಒಂದೇ ಒಂದು ಅಕ್ಷರಕ್ಕಾಗಿ ಕಾಯುತ್ತದೆ. ನಾವೆಲ್ಲ ಪಟ್ಟಿ ನೋಡದೆಯೇ ವೈ ಒತ್ತುವವರು. ಅವರು ಆ ಪಟ್ಟಿಯ ಪ್ರತಿಯೊಂದು ಹೆಸರನ್ನೂ, ಮದುವೆಮನೆಯಲ್ಲಿ ಮುಯ್ಯಿ ಓದಿದ ಹಾಗೆ, ಗಟ್ಟಿಯಾಗಿ ಓದುತ್ತಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಹೋಗಬೇಕಿತ್ತು. ಪಟ್ಟಿ ಉದ್ದವಿದ್ದ ದಿನ ನಾವು ಹೊರಗೆ ಹೋಗಿ ಕಡ್ಲೆಕಾಯಿ ತಿಂದು ಬಂದರೂ ಅವರಿನ್ನೂ 'ಲಿಬ್... ಜಿ... ಎಲ್...' ಎಂಬಲ್ಲೇ ಇರುತ್ತಿದ್ದರು.

ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. 'ಮಹಾನ್ ಚೇತನ' ಎಂದು ಒಬ್ಬರು, 'ಅಜಾತಶತ್ರು' ಎಂದು ಇನ್ನೊಬ್ಬರು ಬರೆದರು. ನಾನು ಒಪ್ಪುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಪಳಗಿದವಳು ನಾನು, ಈಗ ತುಮಕೂರಿನ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ವಿಶೇಷಣ ಕಂಡರೆ ಸಾಕ್ಷಿ ಎಲ್ಲಿ ಎಂದು ಕೇಳುವುದು ಅಭ್ಯಾಸವಾಗಿದೆ. ಅಜಾತಶತ್ರು? ಭೌತಶಾಸ್ತ್ರದ ಮೇಷ್ಟ್ರೊಬ್ಬರು ಕೇಳದೆ ಒಂದು ಮಿಷನ್ ಅಪ್‌ಡೇಟ್ ಮಾಡಿದರೆಂದು ಅವರ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದ ಮನುಷ್ಯ ಅವರು. ನಮಗೆ ಲ್ಯಾಬಿನಲ್ಲಿ ಒಂದು ಚಾಕ್ಲೇಟು ತಿನ್ನಲು ಬಿಡುತ್ತಿರಲಿಲ್ಲ, ತಾವು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಅಡಿಕೆ ಅಗಿಯುತ್ತಿದ್ದರು. ಕೇಳಿದರೆ "ಇದು ತಿಂಡಿ ಅಲ್ಲ ಕಣಮ್ಮ, ಅಭ್ಯಾಸ" ಎನ್ನುತ್ತಿದ್ದರು. ಒಳ್ಳೆಯವರಾಗಿದ್ದರು ಎಂದು ನಾನು ಬರೆಯಹೊರಟಿಲ್ಲ. ಹೇಗಿದ್ದರು ಎಂಬುದಷ್ಟೇ ನನಗೆ ಗೊತ್ತಿರುವುದು.

ಹೆಸರು ಬರೆಯುವುದಿಲ್ಲ. ನಾವೆಲ್ಲ ಕರೆಯುತ್ತಿದ್ದುದು 'ಲ್ಯಾಬಣ್ಣ' ಎಂದು. ಹುದ್ದೆಯಲ್ಲಿ ಅವರು ಅಟೆಂಡರ್. ಹಣೆಯ ಮೇಲೆ ಮೂರು ಎಳೆ ವಿಭೂತಿ, ಜೇಬಿನಲ್ಲಿ ಒಂದು ನೀಲಿ ಪೆನ್ನು ಒಂದು ಕೆಂಪು ಪೆನ್ನು. ಕೈಯಲ್ಲೊಂದು ಹಳೆಯ ಕನ್ನಡಕದ ಡಬ್ಬಿ, ಅದರಲ್ಲಿ ಕನ್ನಡಕವಿರದೆ ಮೂರು ಪೆನ್‌ಡ್ರೈವ್. ಕನ್ನಡಕ ಯಾವಾಗಲೂ ಮೂಗಿನ ಮೇಲೆಯೇ ಇರುತ್ತಿದ್ದುದರಿಂದ ಡಬ್ಬಿ ಸುಮ್ಮನೆ ಬಿದ್ದಿರಬಾರದೆಂದು ಆ ಏರ್ಪಾಡು.

ಕಾಲೇಜಿನ ಹನ್ನೆರಡು ಕಂಪ್ಯೂಟರುಗಳೂ ವೈರಸ್ ಹತ್ತಿ ಮಲಗಿದ್ದ ಕಾಲದಲ್ಲಿ ತುಮಕೂರಿನಿಂದ ಯಾರೋ ಇಬ್ಬರು ಹುಡುಗರು ಬಂದು, ಇದು ಪುಕ್ಕಟೆ, ಇದಕ್ಕೆ ವೈರಸ್ಸಿನ ಕಾಟವೂ ಕಡಿಮೆ ಎಂದು ಎಲ್ಲದಕ್ಕೂ ಲಿನಕ್ಸ್ ಹಾಕಿಕೊಟ್ಟರಂತೆ. ಎರಡು ದಿನ ಇದ್ದರಂತೆ. ಮತ್ತೆ ಬರಲಿಲ್ಲ. ಮೇಷ್ಟ್ರುಗಳು ಒಂದು ವಾರ ನೋಡಿ ಕೈಬಿಟ್ಟರು. ಬಾಗಿಲು ತೆಗೆದು ಕಸ ಹೊಡೆಸುವ ಕೆಲಸದ ಈ ಮನುಷ್ಯ ಮಾತ್ರ, ಆ ಹುಡುಗರು ಹೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. 'ಸುಡೋ ಆಪ್ಟ್ ಅಪ್‌ಡೇಟ್. ಆಮೇಲೆ ಪಾಸ್‌ವರ್ಡ್. ಬರೆದದ್ದು ಕಾಣಲ್ಲ, ಗಾಬರಿ ಬೇಡ.' ಇದು ಮೊದಲ ಪುಟದ ಮೊದಲ ಸಾಲು. 'ಗಾಬರಿ ಬೇಡ' ಎನ್ನುವುದನ್ನು ಯಾವ ಕೈಪಿಡಿಯಲ್ಲೂ ನಾನು ನೋಡಿಲ್ಲ. ಎಲ್ಲ ಕೈಪಿಡಿಗಳಲ್ಲೂ ಇರಬೇಕಾದ ಮಾತು ಅದು.

ಆ ನೋಟ್‌ಬುಕ್ಕು ಲ್ಯಾಬಿನ ಬಾಗಿಲ ಹಿಂದೆ ಒಂದು ಮೊಳೆಗೆ ಹುರಿಯಲ್ಲಿ ನೇತಾಡುತ್ತಿತ್ತು. ಪ್ರತಿ ಪುಟಕ್ಕೂ ಸ್ಕೇಲು ಇಟ್ಟು ಗೆರೆ ಎಳೆದ ಐದು ಕಾಲಂ: ತಾರೀಖು, ಮಿಷನ್ ನಂಬರ್, ಏನು ಹಾಕಿದ್ದು ಅಥವಾ ತೆಗೆದದ್ದು, ಓದಿದವರು, ಒತ್ತಿದವರು. ಕೊನೆಯ ಎರಡರಲ್ಲಿ ಒಂದೇ ಹೆಸರು ಇರಕೂಡದು. ಇದು ಅವರ ಕಾನೂನು. ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿಸಿಕೊಂಡು 'ಹೂಂ' ಎಂದು ವೈ ಒತ್ತಬೇಕು. ತಮ್ಮ ಹೆಸರಿನ ಜಾಗದಲ್ಲಿ ಅವರು ಬರೆದುಕೊಳ್ಳುತ್ತಿದ್ದುದು 'ಲ್ಯಾಬ್' ಎಂದಷ್ಟೇ.

"ಇದೆಲ್ಲಿ ಕಲಿತ್ರಣ್ಣ? ಕಂಪ್ಯೂಟರ್‌ನೋರು ಯಾರೂ ಹಿಂಗೆ ಮಾಡಲ್ಲ," ಎಂದು ನಾನು ಮೊದಲ ದಿನವೇ ಕೆಣಕಿದ್ದೆ.

"ಕಂಪ್ಯೂಟರ್‌ನೋರ ಹತ್ರ ಕಲ್ತಿದ್ದಲ್ಲ. ಇಲ್ಲಿಗೆ ಬರೋಕ್ ಮುಂಚೆ ಒಂದ್ ನರ್ಸಿಂಗ್ ಹೋಮ್‌ನಲ್ಲಿ ವಾರ್ಡ್ ಬಾಯ್ ಆಗಿದ್ದೆ. ಅಲ್ಲಿ ಸಿಸ್ಟರಮ್ಮ ಬಾಟ್ಲಿ ಮೇಲಿನ ಹೆಸ್ರು ಗಟ್ಟಿಯಾಗಿ ಓದೋರು. ಇನ್ನೊಬ್ರು ಚೀಟಿ ನೋಡ್ಕಂಡು ಹೂಂ ಅನ್ಬೇಕು. ಆಮೇಲೇ ಸೂಜಿ."

"ಇಲ್ಲಿ ಯಾರೂ ಸಾಯಲ್ವಲ್ಲಣ್ಣ."

"ಮಿಷನ್ ಸತ್ರೆ ನಿಮ್ಮಪ್ಪ ತಂದ್ಕೊಡ್ತಾರಾ? ಓದು, ಓದು."

ಎರಡನೆಯವರು ಸಿಗದ ದಿನ ಅವರು ಬಾಗಿಲಲ್ಲಿ ನಿಂತು, ಹೋಗಿಬರುವವರನ್ನು ಹಿಡಿಯುತ್ತಿದ್ದರು. ನೋಟ್‌ಬುಕ್ಕಿನಲ್ಲಿ 'ಒತ್ತಿದವರು: ಗಂಗಮ್ಮ, ಕಸ' ಎಂಬ ನಮೂದು ಎಷ್ಟು ಸಲ ಬರುತ್ತದೆಂದರೆ, ಕಾಲೇಜಿನ ಹನ್ನೆರಡೂ ಮಿಷನ್‌ಗಳನ್ನು ನಡೆಸುತ್ತಿದ್ದುದು ಕಸ ಗುಡಿಸುವ ಗಂಗಮ್ಮನೇ ಎಂದು ಯಾರಾದರೂ ತಿಳಿಯಬೇಕು. ಒಂದು ಸಲ ಪೋಸ್ಟ್‌ಮ್ಯಾನ್ ಕೂಡ ಒತ್ತಿದ್ದಾನೆ. ಗಂಗಮ್ಮ ಕೈ ಸೆರಗಿಗೆ ಒರೆಸಿಕೊಂಡು, "ಬೇಗ ಓದಪ್ಪ, ಪ್ರಿನ್ಸಿಪಾಲ್ರು ಬರ್ತಾರೆ" ಎಂದು ಗದರುತ್ತಿದ್ದುದು, ಅವರು "ತಡಿ ಗಂಗಮ್ಮ, ಇನ್ನೂ ರಿಮೂವ್ಡ್‌ಗೆ ಬಂದಿಲ್ಲ" ಎನ್ನುತ್ತಿದ್ದುದು, ಇವತ್ತಿಗೂ ಕಿವಿಯಲ್ಲಿದೆ. 'ರಿಮೂವ್ಡ್' ಎಂಬ ಪದ ಬಂದಾಗ ಅವರ ದನಿ ಬದಲಾಗುತ್ತಿತ್ತು. ಬರುವುದನ್ನು ಬೇಕಾದರೆ ಅವಸರದಲ್ಲಿ ಓದು, ಹೋಗುವುದನ್ನು ನಿಧಾನಕ್ಕೆ ಓದು ಎನ್ನುತ್ತಿದ್ದರು.

ನಮ್ಮಿಬ್ಬರಿಗೂ ದಿನಾ ಜಗಳ. ಕಾಲೇಜಿನಲ್ಲಿ ಇಂಟರ್‌ನೆಟ್ ಇದ್ದ ಜಾಗ ಅದೊಂದೇ ಆದ್ದರಿಂದ ನಮ್ಮ ಚರ್ಚಾ ತಂಡದ ಬೀಡು ಅಲ್ಲೇ. ನಾನು ಶೆಟ್ಟಿಹಳ್ಳಿಯಿಂದ ಬಸ್ಸು ಹಿಡಿದು ಬಂದು ಇಳಿಯುವಷ್ಟರಲ್ಲಿ ಅವರಿಗೆ ಹೂಡಲು ಒಂದು ವಾದ ಸಿದ್ಧ ಮಾಡಿಕೊಂಡಿರುತ್ತಿದ್ದೆ. ಅವರು ಅಮಾವಾಸ್ಯೆಯ ದಿನ ಅಪ್‌ಡೇಟ್ ಮಾಡುತ್ತಿರಲಿಲ್ಲ. ನಾನು ಬಿಡುತ್ತೇನೆಯೇ? ನೋಟ್‌ಬುಕ್ಕು ತೆಗೆದು, ಪಂಚಾಂಗ ಪಕ್ಕದಲ್ಲಿಟ್ಟುಕೊಂಡು, ಕೆಂಪು ಪೆನ್ನಿನಲ್ಲಿ ಬರೆದ ಕೆಟ್ಟ ದಿನಗಳನ್ನೆಲ್ಲ ಎಣಿಸಿದೆ.

"ಅಣ್ಣ, ನೋಡಿ. ಮಿಷನ್ ಕೆಟ್ಟಿರೋದು ಎಲ್ಲಾ ಮಾಮೂಲಿ ದಿನಗಳಲ್ಲೇ. ಅಮಾವಾಸ್ಯೆ ದಿನ ಒಂದೂ ಕೆಟ್ಟಿಲ್ಲ!"

"ಅವತ್ತು ಮುಟ್ಟೋದೇ ಇಲ್ವಲ್ಲಮ್ಮ, ಹೆಂಗ್ ಕೆಡ್ತದೆ? ಅದುನ್ನೇ ತಾನೆ ನಾನೂ ಹೇಳ್ತಿರೋದು."

ಅವತ್ತಿನಿಂದ ನನಗೆ 'ಲಾಯರಮ್ಮ' ಎಂದು ಹೆಸರಿಟ್ಟರು. ಮುಂದೆ ನಾನು ನಿಜಕ್ಕೂ ವಕೀಲೆಯಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದ್ದರೆ ಸಾಕ್ಷಿ ಬೇಕು.

ಡ್ರೈವರ್ ಎಂದರೇನು ಎಂದು ಮೊದಲ ವರ್ಷದ ಮಕ್ಕಳು ಕೇಳಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು: "ನೀನ್ ಕನ್ನಡ ಮಾತಾಡ್ತೀಯ. ಪ್ರಿಂಟರ್‌ಗೆ ಅದ್ರದ್ದೇ ಒಂದ್ ಭಾಷೆ. ಮಧ್ಯ ಇಬ್ರ ಮಾತೂ ಬಲ್ಲೋನು ಒಬ್ಬ ನಿಂತ್ಕೋಬೇಕಲ್ಲ, ಅವ್ನೇ ಡ್ರೈವರ್ರು. ಅವ್ನು ಸರಿಯಿಲ್ಲ ಅಂದ್ರೆ ನೀನ್ ಅನ್ನ ಕೇಳಿದ್ರೆ ಅದು ಮಣ್ಣು ಕೊಡ್ತದೆ." ಇದು ಬರೀ ಹೋಲಿಕೆ, ವಿವರಣೆ ಅಲ್ಲ ಎಂದು ನಾನು ಆಕ್ಷೇಪಿಸಿದ್ದೆ. ಆದರೆ ಆ ಮಣ್ಣನ್ನು ಒಮ್ಮೆ ಕಣ್ಣಾರೆ ಕಂಡೆ.

ಅವರ ಊರು ಕುಣಿಗಲ್ ತಾಲ್ಲೂಕಿನ ಅಮೃತೂರಿನ ಕಡೆ. ತಿಂಗಳಿಗೊಂದು ಭಾನುವಾರ ಅಲ್ಲಿಯ ಶಾಲೆಯೊಂದರ ಕಂಪ್ಯೂಟರುಗಳನ್ನು ನೋಡಿಬರಲು ಹೋಗುತ್ತಿದ್ದರು. ಒಂದು ಸಲ ನನ್ನನ್ನೂ ಕರೆದರು. "ಬಾರಮ್ಮ, ದಾರೀಲಿ ಜಗಳ ಆಡೋಕೆ ಒಂದ್ ಜನ ಬೇಕು." ತುಮಕೂರಿನಲ್ಲಿ ನಾನು ಹತ್ತಿಕೊಂಡೆ. ಕುಣಿಗಲ್‌ನಲ್ಲಿ ಇಳಿದು ಅಮೃತೂರಿನ ಪ್ರೈವೇಟ್ ಬಸ್ಸು ಹಿಡಿದೆವು. ಕಿಟಕಿಯ ಪಕ್ಕದ ಸೀಟು ತಮಗೇ ಬೇಕೆಂದು ಚಿಕ್ಕ ಮಕ್ಕಳ ಹಾಗೆ ಹಟ ಮಾಡಿ ಕೂತರು.

ಶಾಲೆಯ ಹೆಡ್‌ಮಾಸ್ಟರು ತಲೆ ಮೇಲೆ ಕೈಹೊತ್ತು ಕೂತಿದ್ದರು. ಪ್ರಿಂಟರ್‌ಗೆ ಹಾಳೆ ಹಾಕಿದರೆ ಸಾಕು, ಅರ್ಥವಿಲ್ಲದ ಚಿಹ್ನೆಗಳನ್ನು ಪುಟಗಟ್ಟಲೆ ಕಾರುತ್ತಿತ್ತು. "ಇದಕ್ಕೆ ಹುಚ್ಚು ಹಿಡಿದಿದೆ, ಗುಜರಿಗೆ ಹಾಕ್ಬುಡೋಣ" ಎಂದರು. ಲ್ಯಾಬಣ್ಣ ಪ್ರಿಂಟರನ್ನು ಮಗುವಿನಂತೆ ಎತ್ತಿ ತಿರುಗಿಸಿ, ಅದರ ತಳದಲ್ಲಿ ಅಂಟಿಸಿದ್ದ ಚೀಟಿಯ ಮೇಲಿನ ನಂಬರನ್ನು ಒಂದೊಂದಾಗಿ ಓದಿದರು. ನಾನು ಪರದೆಯಲ್ಲಿದ್ದ ಡ್ರೈವರಿನ ಹೆಸರು ಓದಿದೆ. ಕೊನೆಯ ಅಂಕಿ ಬೇರೆ. ಯಾರೋ ಅವಸರದಲ್ಲಿ ಅದರ ದಾಯಾದಿಯ ಡ್ರೈವರ್ ಹಾಕಿದ್ದರು. ಹಳೆಯದನ್ನು ತೆಗೆದು, ಸರಿಯಾದದ್ದನ್ನು ಹಾಕಿ, ವೈ ಒತ್ತಲು ಹೆಡ್‌ಮಾಸ್ಟರನ್ನೇ ಕರೆದರು. ಮೊದಲು ಬಂದ ಹಾಳೆಯಲ್ಲಿ ಒಂದು ಮಗುವಿನ ವರ್ಗಾವಣೆ ಪತ್ರ, ಮುದ್ದಾದ ಕನ್ನಡ ಅಕ್ಷರಗಳಲ್ಲಿ. ಹೆಡ್‌ಮಾಸ್ಟರ ಮುಖ ನೋಡಬೇಕಿತ್ತು.

ವಾಪಸು ಬರುವಾಗಲೂ ಬಸ್ಸಿನಲ್ಲಿ ಕಿಟಕಿಯ ಸೀಟು ಲ್ಯಾಬಣ್ಣನದೇ. ತೆಂಗಿನ ತೋಟಗಳು ಮುಗಿದು ಕುಣಿಗಲ್ ಹತ್ತಿರವಾದಾಗ ಹೇಳಿದರು: "ಇನ್ನೆರಡ್ ವರ್ಷಕ್ಕೆ ನಂಗೆ ರಿಟೈರು. ಆ ರೂಮ್‌ನ ಪರೀಕ್ಷೆ ಸಾಮಾನು ತುಂಬೋಕೆ ಕೇಳ್ತಾವ್ರೆ. ಬರೋ ಶುಕ್ರವಾರ ಕಮಿಟಿಯೋರು ಬರ್ತಾರೆ. ಹನ್ನೆರಡೂ ಮಿಷನ್ ಅವ್ರ ಮುಂದೆ ಓಡುದ್ರೆ ಲ್ಯಾಬ್ ಉಳೀತದೆ, ಇಲ್ದಿದ್ರೆ ಗುಜರಿ ಅಂದವ್ರೆ ಪ್ರಿನ್ಸಿಪಾಲ್ರು. ನಾನ್ ಹೋದ್ಮೇಲೂ ಆ ಬಾಗ್ಲು ತೆಗೀಬೇಕು ಕಣಮ್ಮ. ಅಷ್ಟೇ."

ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದಂತೆ ಮಾತಾಡಿದ್ದು ಅದೊಂದೇ ಸಲ. ಕಮಿಟಿಯ ಮುಂದೆ ಲ್ಯಾಬಿನ ಬಗ್ಗೆ ಹತ್ತು ನಿಮಿಷ ಮಾತಾಡುವ ಜವಾಬ್ದಾರಿ ನನ್ನದಾಗಿತ್ತು. ಏಳನೇ ಮಿಷನ್ನಿಗೆ ಪ್ರೊಜೆಕ್ಟರ್ ಜೋಡಿಸಿತ್ತು. ಪರದೆಗೆ ಚಿತ್ರ ಕಳಿಸಲು ಅದಕ್ಕೊಂದು ಬೇರೆ ಗ್ರಾಫಿಕ್ಸ್ ಕಾರ್ಡು, ಆ ಕಾರ್ಡಿಗೊಂದು ಬೇರೆ ಡ್ರೈವರು. ಅದರಲ್ಲೇ ನನ್ನ ಭಾಷಣ, ನನ್ನ ವಿಡಿಯೋ.

ಗುರುವಾರ ಮಧ್ಯಾಹ್ನ ಲ್ಯಾಬಣ್ಣ ಬ್ಯಾಂಕಿನ ಕೆಲಸಕ್ಕೆಂದು ಹೊರಗೆ ಹೋಗುವಾಗ ಬೀಗದ ಕೈ ನನ್ನ ಕೈಗೆ ಕೊಟ್ಟು, "ಏನೂ ಹಾಕ್ಬೇಡ, ತೆಗೀಬೇಡ. ಬರೀ ಮಾತು ಪ್ರಾಕ್ಟೀಸ್ ಮಾಡ್ಕೋ" ಎಂದಿದ್ದರು. ವಿಡಿಯೋ ಪ್ರೊಜೆಕ್ಟರಿನಲ್ಲಿ ತಡವರಿಸುತ್ತಿತ್ತು. ಹಳೆಯ ಡ್ರೈವರ್ ತೆಗೆದು ಹೊಸದು ಹಾಕಿದರೆ ಸರಿಹೋಗುತ್ತದೆಂದು ಇಂಟರ್‌ನೆಟ್ಟಿನಲ್ಲಿ ಯಾರೋ ಬರೆದಿದ್ದರು. ಅಲ್ಲಿ ಕೊಟ್ಟಿದ್ದ ಸಾಲನ್ನು ಹಾಗೇ ಅಂಟಿಸಿ, ನಮಗೆಲ್ಲ ಬಾಯಿಪಾಠವಾಗಿದ್ದ ಪಾಸ್‌ವರ್ಡ್ ಹೊಡೆದೆ. ಆ ಸಾಲಿನಲ್ಲಿ ಡ್ರೈವರಿನ ಹೆಸರಿನ ತುದಿಯಲ್ಲಿ ಒಂದು ನಕ್ಷತ್ರ ಚಿಹ್ನೆ ಇತ್ತು. ಆ ಹೆಸರಿನಿಂದ ಶುರುವಾಗುವ ಎಲ್ಲವನ್ನೂ, ಅದನ್ನು ನೆಚ್ಚಿಕೊಂಡಿರುವ ಎಲ್ಲವನ್ನೂ ತೆಗೆ ಎಂದು ಅದರರ್ಥ. ಪಟ್ಟಿ ಬಂತು. ಉದ್ದವಿತ್ತು. ಇಂಗ್ಲಿಷಿನಲ್ಲಿ ಒಂದು ಪುಟವನ್ನು ಅರೆನಿಮಿಷದಲ್ಲಿ ಓದಬಲ್ಲವಳು ನಾನು. ಓದಲಿಲ್ಲ. ವೈ ಒತ್ತಿದೆ. ಮತ್ತೆ ಆನ್ ಮಾಡಿದಾಗ ಬಣ್ಣವಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಹೆಸರು ಕೇಳುವ ಒಂದು ಬಿಳಿ ಸಾಲು, ಅಷ್ಟೇ. ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈಯನ್ನು ಆಫೀಸಿನಲ್ಲಿ ಕೊಟ್ಟು, ಬಸ್ಸು ಹತ್ತಿದೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದು ಮಿಷನ್‌ಗಳು ಮಿನುಗುತ್ತಿದ್ದವು. ಏಳನೆಯದರ ಮುಂದೆ ಲ್ಯಾಬಣ್ಣ ನಿಂತಿದ್ದರು. ನಾನು ಏನನ್ನಾದರೂ ಹೇಳುವ ಮೊದಲೇ ಪ್ರಿನ್ಸಿಪಾಲರು ಕಮಿಟಿಯ ಮೂವರನ್ನು ಕರೆದುಕೊಂಡು ಒಳಗೆ ಬಂದರು.

"ಏನಿದು, ಮೇನ್ ಮಿಷನ್ನೇ ಹೀಗಿದೆ?" ಎಂದರು ಪ್ರಿನ್ಸಿಪಾಲರು.

ನಾನು ಬಾಯಿ ತೆರೆದೆ. ತೆರೆದ ಮೇಲೆ ನನಗೆ ಗೊತ್ತಿದ್ದುದು ಗೆಲ್ಲುವುದು ಒಂದೇ. "ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಸರ್. ಹಳೇ ಮಿಷನ್ನು. ಬಿಸಿಗೆ ಕಾರ್ಡ್ ಸುಟ್ಟೋಗುತ್ತೆ. ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ರೂ ಹಾರ್ಡ್‌ವೇರ್‌ಗೆ ಒಂದು ಆಯಸ್ಸಿರುತ್ತೆ..." ಎಂದು ಮೊದಲನೆಯದಾಗಿ, ಎರಡನೆಯದಾಗಿ, ಮೂರನೆಯದಾಗಿ ಎಂದೆಲ್ಲ ವಿಂಗಡಿಸಿ ಹೇಳಿದೆ. ಕಮಿಟಿಯ ಹಿರಿಯರು ತಲೆದೂಗಿದರು. ಒಬ್ಬರು ಬರೆದುಕೊಳ್ಳತೊಡಗಿದರು. ಅವರು ಬರೆದುಕೊಳ್ಳುತ್ತಿದ್ದುದು ಲ್ಯಾಬಿನ ಮರಣಪತ್ರ ಎಂದು ನನಗೆ ಹೊಳೆದಾಗ ಮೂರನೆಯ ಅಂಶದ ನಡುವೆ ಇದ್ದೆ. ನಿಲ್ಲಿಸಲಿಲ್ಲ.

ಮುಗಿದ ಮೇಲೆ ಲ್ಯಾಬಣ್ಣ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ ಹೇಳಿದರು: "ಸರ್, ಕಾರ್ಡ್ ಸುಟ್ಟೋಗಿದ್ರೆ ಈ ಬಿಳೀ ಅಕ್ಷರ ಹೆಂಗ್ ಕಾಣ್ತಿತ್ತು? ಅದೂ ಅದೇ ಕಾರ್ಡಿಂದಾನೇ ಬರಬೇಕಲ್ವಾ?"

ಜಿಲ್ಲೆಯ ಎಷ್ಟೋ ವೇದಿಕೆಗಳಲ್ಲಿ ಬಹುಮಾನ ಗೆದ್ದವಳು ನಾನು. ನನ್ನ ಇಡೀ ವಾದವನ್ನು ಅಷ್ಟು ಚಿಕ್ಕ ಪ್ರಶ್ನೆಯಲ್ಲಿ ಯಾರೂ ಕೆಡವಿರಲಿಲ್ಲ.

"ಹಾಗಾದ್ರೆ ಏನಾಗಿದೆಯಪ್ಪ?" ಎಂದರು ಹಿರಿಯರು.

"ಒಂದಷ್ಟು ಸಾಮಾನು ತೆಗೆದವ್ರೆ ಸರ್. ವಾಪಸ್ ಹಾಕುದ್ರೆ ಎದ್ದೇಳ್ತದೆ. ನೀವು ಉಪ್ಪಿಟ್ಟು ಕಾಫಿ ಮುಗಿಸ್ಕಂಡು ಬನ್ನಿ, ಅಷ್ಟೊತ್ತಿಗೆ ಮಾಡಿರ್ತೀನಿ."

"ಯಾರು ತೆಗೆದದ್ದು?" ಪ್ರಿನ್ಸಿಪಾಲರ ದನಿ ಏರಿತು.

ಲ್ಯಾಬಣ್ಣ ಮೊಳೆಯಿಂದ ನೋಟ್‌ಬುಕ್ಕು ತೆಗೆದು, ಕೊನೆಯ ಪುಟ ನೋಡಿ, "ಬರ್ದಿಲ್ಲ ಸರ್" ಎಂದರು. ಪುಟ ಮುಚ್ಚಿ, "ಬರೀಬೇಕಿತ್ತು" ಎಂದರು. ಸುಳ್ಳು ಹೇಳಲಿಲ್ಲ. ನನ್ನತ್ತ ನೋಡಲೂ ಇಲ್ಲ.

ಕಮಿಟಿಯವರು ಕಾಫಿಗೆ ಹೋದರು. ಪ್ರಿನ್ಸಿಪಾಲರು ಮಾತ್ರ ಕೈಕಟ್ಟಿಕೊಂಡು ಅಲ್ಲೇ ನಿಂತರು. ಲ್ಯಾಬಣ್ಣ ಕುರ್ಚಿ ಎಳೆದುಕೊಂಡು, ಬಿಳಿ ಸಾಲಿನಲ್ಲಿ ಹೆಸರು, ಪಾಸ್‌ವರ್ಡ್ ಹೊಡೆದು ಒಳಗೆ ಹೋದರು. ಲಿನಕ್ಸ್ ತಾನು ಹಾಕಿದ್ದನ್ನೂ ತೆಗೆದದ್ದನ್ನೂ ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ಅವರ ನೋಟ್‌ಬುಕ್ಕಿನ ಹಾಗೆಯೇ. ಅದನ್ನು ತೆರೆದರು. ಮೇಲೆ ನಿನ್ನೆಯ ತಾರೀಖು, ಮಧ್ಯಾಹ್ನ ಮೂರು ಇಪ್ಪತ್ತು. ಆ ಹೊತ್ತಿನಲ್ಲಿ ಬೀಗದ ಕೈ ಯಾರ ಹತ್ತಿರವಿತ್ತೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಅವರ ಬೆರಳು ಆ ಸಾಲಿನ ಮೇಲೆ ಒಂದು ಗಳಿಗೆ ನಿಂತು, ಕೆಳಗಿಳಿಯಿತು.

"ಬಾರಮ್ಮ ಲಾಯರಮ್ಮ," ಎಂದರು. "ತೆಗೆದಿದ್ನೆಲ್ಲ ಒಂದೊಂದಾಗಿ ಓದು. ನಾನು ಟೈಪ್ ಮಾಡ್ಕಂತೀನಿ. ನಿಧಾನುಕ್ಕೆ."

ಓದಿದೆ. ಹಿಂದಿನ ದಿನ ಅರೆನಿಮಿಷ ಕೊಡದ ಪಟ್ಟಿಯನ್ನು, ಪ್ರಿನ್ಸಿಪಾಲರ ಮುಂದೆ, ಹೆಸರು ಹೆಸರಾಗಿ ಗಟ್ಟಿಯಾಗಿ ಓದಿದೆ. ನಡುವೆ ಒಂದು ಹೆಸರು ಬಿಟ್ಟುಹೋಯಿತು. "ಒಂದ್ ಬಿಟ್ಟೆ, ಮೇಲಿಂದ ಓದು" ಎಂದರಷ್ಟೇ. ಕೊನೆಗೆ ಪರದೆಯಲ್ಲಿ ಹೊಸ ಪಟ್ಟಿ ಬಂತು. ಅದನ್ನೂ ಓದಿಸಿದರು. "ರಿಮೂವ್ಡ್ ಎಷ್ಟು?" ಎಂದರು. "ಸೊನ್ನೆ ಅಣ್ಣ" ಎಂದೆ. "ಹೂಂ" ಎಂದು ತಾವೇ ವೈ ಒತ್ತಿದರು. ಕಮಿಟಿಯವರು ಬಾಯೊರೆಸಿಕೊಂಡು ಬರುವಷ್ಟರಲ್ಲಿ ಏಳನೇ ಮಿಷನ್ನು ಬಣ್ಣಬಣ್ಣವಾಗಿ ಎದ್ದು ಕೂತಿತ್ತು. ವಿಡಿಯೋ ಮೊದಲಿನ ಹಾಗೆಯೇ ತಡವರಿಸಿತು. ಯಾರೂ ಗಮನಿಸಲಿಲ್ಲ. ಲ್ಯಾಬು ಉಳಿಯಿತು.

ಪ್ರಿನ್ಸಿಪಾಲರು ವಿಷಯವನ್ನು ಮರೆತರು. ಅವರಿಗೆ ಲ್ಯಾಬು ಉಳಿದದ್ದೇ ಸಾಕಾಗಿತ್ತು. ಅದಾದ ಮೇಲೆ ಒಂದೂವರೆ ವರ್ಷ ಆ ಕೋಣೆಗೆ ಹೋಗುತ್ತಿದ್ದೆ. ಮೊದಲಿನಂತೆಯೇ ಜಗಳ, ಅದೇ ಅಡಿಕೆ, ಅದೇ 'ಲಾಯರಮ್ಮ'. ಬದಲಾದದ್ದು ಒಂದೇ. ನಾನಿದ್ದಾಗಲೆಲ್ಲ ಅವರು "ನೀನು ಓದು" ಎನ್ನುತ್ತಿದ್ದರು. ಒತ್ತುವುದು ಅವರೋ ಗಂಗಮ್ಮನೋ. ನನಗೆ ಸಿಟ್ಟು ಬರುತ್ತಿತ್ತು. ನಂಬಿಕೆ ಇಲ್ಲದಿದ್ದರೆ ನೇರವಾಗಿ ಹೇಳಬೇಕು, ಇದೆಂಥ ಶಿಕ್ಷೆ ಎಂದುಕೊಳ್ಳುತ್ತಿದ್ದೆ. ನೇರವಾಗಿ ಹೇಳಬೇಕಾದವಳು ನಾನು ಎಂಬುದನ್ನು ಮಾತ್ರ ಜಾಣತನದಿಂದ ವಾದದ ಆಚೆಗೇ ಇಟ್ಟಿದ್ದೆ.

ಕೊನೆಯ ಪರೀಕ್ಷೆ ಮುಗಿದ ದಿನ ಹೇಳಿಹೋಗಲು ಹೋದೆ. ಮೊಳೆಯಿಂದ ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟು, "ಒಂದ್ಸಲ ತಿರುವಿ ಹಾಕ್ತೀಯಾ?" ಎಂದು ಕೇಳಿದರು.

"ಬಸ್ಸಿಗೆ ಹೊತ್ತಾಯ್ತಣ್ಣ," ಎಂದೆ.

"ಆಯ್ತು ಹೋಗ್ಬಾ," ಎಂದು ಮತ್ತೆ ಮೊಳೆಗೆ ಹಾಕಿದರು.

ಆಮೇಲೆ ನಾನು ಅವರನ್ನು ನೋಡಲಿಲ್ಲ. ನಿವೃತ್ತರಾದರೆಂದು ಕೇಳಿದೆ, ಹೋಗಲಿಲ್ಲ. ಹೋದರು ಎಂದು ಕೇಳಿದಾಗ ಕೋರ್ಟಿನ ಮೊಗಸಾಲೆಯಲ್ಲಿದ್ದೆ.

ಕಳೆದ ವಾರ ಅದೇ ಕಾಲೇಜಿನವರು ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಕರೆದಿದ್ದರು. ಸ್ಪರ್ಧೆ ಮುಗಿದ ಮೇಲೆ ಕಾಲು ತಾನಾಗಿಯೇ ಲ್ಯಾಬಿನ ಕಡೆ ನಡೆಯಿತು. ಬಾಗಿಲು ತೆಗೆದಿತ್ತು. ಅರ್ಧ ಮಿಷನ್‌ಗಳು ಹೊಸವು, ನಂಬರುಗಳು ಮಾತ್ರ ಹಳೆಯವೇ. ಈಗ ನೋಡಿಕೊಳ್ಳುವವಳು ರೂಪಾ, ಕುಣಿಗಲ್ ಕಡೆಯ ಹುಡುಗಿ. ಲ್ಯಾಬಣ್ಣ ನಿವೃತ್ತರಾಗುವ ಮುಂಚೆ ಒಂದು ತಿಂಗಳು ಅವರ ಕೈಕೆಳಗೆ ಕಲಿತವಳಂತೆ. ಬಾಗಿಲ ಹಿಂದೆ ಅದೇ ಮೊಳೆ, ಅದೇ ಹುರಿ, ಅದೇ ನೋಟ್‌ಬುಕ್ಕು. "ನೋಡ್ಬೋದಾ?" ಎಂದು ಕೇಳಿ ಕೂತೆ.

ಆ ಪುಟ ಸಿಕ್ಕಿತು. ನಾನು ಲಿನಕ್ಸ್‌ನೊಳಗೆ ಕಂಡಿದ್ದ ಅದೇ ಗುರುವಾರದ ತಾರೀಖು. ಮಿಷನ್: ೭. ತೆಗೆದದ್ದು ಎಂಬಲ್ಲಿ ಇಡೀ ಪಟ್ಟಿ, ಅವರ ದುಂಡನೆಯ ಕನ್ನಡ ಅಕ್ಷರದಲ್ಲಿ, ಕೆಂಪಿನಲ್ಲಿ. ಓದಿದವರು: ಯಾರೂ ಇಲ್ಲ. ಒತ್ತಿದವರು: ಖಾಲಿ.

ಮರೆತಿರಬಹುದು ಎಂದುಕೊಂಡೆ. ಒಂದು ಖಾಲಿ ಜಾಗದಿಂದ ಏನನ್ನೂ ಸಾಧಿಸಲಾಗದು. ಹಾಗಾಗಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದೆ. ಗಂಗಮ್ಮನನ್ನು ಮರೆತಿಲ್ಲ, ಪೋಸ್ಟ್‌ಮ್ಯಾನನ್ನು ಮರೆತಿಲ್ಲ, ಮಾತು ಬಿಟ್ಟಿದ್ದ ಭೌತಶಾಸ್ತ್ರದ ಮೇಷ್ಟ್ರ ಹೆಸರನ್ನೂ 'ಕೇಳದೆ ಒತ್ತಿದ್ದು' ಎಂದು ಬರೆದಿದ್ದಾರೆ. ಇಡೀ ನೋಟ್‌ಬುಕ್ಕಿನಲ್ಲಿ ಖಾಲಿ ಇರುವುದು ಅದೊಂದೇ ಮನೆ. ಮೇಷ್ಟ್ರ ಹೆಸರನ್ನು ತಾವೇ ಬರೆದವರಿಗೆ ನನ್ನದು ಬರೆಯುವುದು ಕಷ್ಟವಿತ್ತೇ?

ಪರ್ಸಿನಿಂದ ಪೆನ್ನು ತೆಗೆದೆ.

"ಏನ್ ಮೇಡಂ ಬರೀತಿದೀರಾ?" ರೂಪಾ ಗಾಬರಿಯಿಂದ ಎದ್ದು ಬಂದಳು. ಪುಟ ನೋಡಿ ನಿಂತಳು. "ಓ, ಇದಾ? ಒಂದ್ಸಲ ನಾನೂ ತುಂಬೋಕೆ ಹೋಗಿದ್ದೆ. 'ಮುಟ್ಬೇಡ ಬುಡು, ಒತ್ತಿದೋರೇ ಬಂದು ಬರೀತಾರೆ' ಅಂದ್ರು ಅಣ್ಣ. ಯಾರು ಅಂತ ಕೇಳಿದ್ರೆ ಹೇಳ್ಲೇ ಇಲ್ಲ."

ನಾನು ನನ್ನ ಹೆಸರು ಬರೆದೆ. ಪೂರ್ತಿ ಹೆಸರು, ಇನಿಷಿಯಲ್ ಸಹಿತ. ಅವಳು ಒಮ್ಮೆ ಹೆಸರು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

"ಆಮೇಲಿಂದ ಬರೆದ್ರೆ ಪಕ್ಕದಲ್ಲಿ ಬರೆದ ದಿನದ ತಾರೀಖೂ ಹಾಕ್ಬೇಕು ಮೇಡಂ. ಅಣ್ಣನ ರೂಲು," ಎಂದಳು ಮೆಲ್ಲಗೆ.

ಹಾಕಿದೆ. ಆರು ವರ್ಷದ ಅಂತರದ ಎರಡು ತಾರೀಖುಗಳು ಒಂದೇ ಸಾಲಿನಲ್ಲಿ ಕೂತವು. ಅದಕ್ಕೆ ಯಾವ ವಾದವನ್ನೂ ಜೋಡಿಸಲಿಲ್ಲ.

ಏಳನೇ ಮಿಷನ್ನು ಅಪ್‌ಡೇಟ್ ಮುಗಿಸಲು ಕಾಯುತ್ತಿತ್ತು. ಪರದೆಯ ಮೇಲೆ ಪಟ್ಟಿ ಬಂದು ನಿಂತಿತ್ತು. "ಗಂಗಮ್ಮ ಇವತ್ತು ರಜಾ. ಹೆಂಗೂ ಬಂದಿದೀರಾ, ಸ್ವಲ್ಪ ಓದ್ಬುಡಿ ಮೇಡಂ, ನಾನು ಒತ್ತೀನಿ," ಎಂದಳು ರೂಪಾ.

"ಇಲ್ಲಮ್ಮ. ನೀನು ಓದು. ಇವತ್ತು ನಾನು ಒತ್ತೀನಿ."

ಅವಳು ಸರಸರನೆ ಓದಿ ಮುಗಿಸಿ ನನ್ನ ಬೆರಳನ್ನು ನೋಡಿದಳು.

"ಮೊದಲಿಂದ," ಎಂದೆ. "ನಿಧಾನಕ್ಕೆ."